ಎಸ್ಟೀಮ್ ಎಂಜಿನ್ ಯಾಕೆ ಹಾಕಿಸಲಿಲ್ಲ

ನಮಸ್ಕಾರ್ರೀ, ಎಲ್ಲಾರೂ ಆರಾಮ ಅದೀರೇನು?

ಹುಬ್ಬಳ್ಳಿಯಲ್ಲಿ ಕಾರಿನ ಬಾನೆಟ್ ಎತ್ತಿ ನಿಂತರೆ ಸಾಕು, ಸಲಹೆ ಪುಕ್ಕಟೆ. ಗ್ಯಾರೇಜಿಗೆ ಚಹಾ ತಂದ ಹುಡುಗನೂ ಬಗ್ಗಿ ನೋಡಿ ಹೇಳಿದ: "ಅಣ್ಣಾ, ಎಸ್ಟೀಮ್ ಎಂಜಿನ್ ಇಳಸ್ರಿ. ಹಾರ್ತೈತಿ!" ಎಸ್ಟೀಮ್ ಅಂದರೆ ಮಾರುತಿಯ ಹಳೇ ಕಾರು.

ನನ್ನದು ಸ್ಯಾನ್ ಸ್ಟಾರ್ಮ್. ನೋಡದವರಿಗೆ ಹೇಳ್ತೀನಿ. 1990ರ ದಶಕದ ಕೊನೆಗೆ ಬಂದ ಕಾರು, ಗೋವಾದಲ್ಲಿ ತಯಾರಾಗುತ್ತಿತ್ತು. ಎರಡೇ ಸೀಟು, ಫೈಬರ್ ಬಾಡಿ. ಒಳಗೆ ರೆನೋದ 1149 ಸಿಸಿ ಪೆಟ್ರೋಲ್ ಎಂಜಿನ್, ಸುಮಾರು 60 ಹಾರ್ಸ್‌ಪವರ್. ನೋಡೋಕೆ ಹುಲಿ, ಓಡೋದು ಅಷ್ಟಕ್ಕಷ್ಟೇ. ಈಗಿನ ಸ್ವಿಫ್ಟ್ ಆರಾಮಾಗಿ ಹಿಂದೆ ಹಾಕುತ್ತದೆ, ಒಪ್ಪಿಕೊಳ್ತೀನಿ.

ಎಂಜಿನ್ ಕೆಟ್ಟದ್ದು ನನ್ನ ತಪ್ಪಿಗೆ. ಗೋವಾದಿಂದ ಬರುತ್ತಾ ಅನಮೋಡ ಘಾಟ್ ಹತ್ತುತ್ತಿದ್ದೆ. ಮುಂದೆ ಲೋಡ್ ಲಾರಿ, ನಾನು ಫಸ್ಟ್ ಗೇರಿನಲ್ಲಿ. ಟೆಂಪರೇಚರ್ ಮುಳ್ಳು ಏರುವುದು ಕಾಣುತ್ತಿತ್ತು. ಘಾಟ್ ಮುಗಿಯಲಿ, ಆಮೇಲೆ ನೋಡೋಣ ಅಂದುಕೊಂಡೆ. ಘಾಟ್ ಮುಗಿಯುವ ಮೊದಲೇ ಬಿಳಿ ಹೊಗೆ. ಘಾಟ್ ದಾಟಿದ ಮೇಲೆ ಸಿಗುವ ರಾಮನಗರದಿಂದ ಹುಬ್ಬಳ್ಳಿವರೆಗೆ ಕಾರು ಬಂದದ್ದು ಟೆಂಪೋ ಮೇಲೆ.

ಅವತ್ತಿನಿಂದ ಎಲ್ಲರ ಬಾಯಲ್ಲಿ ಒಂದೇ ಮಾತು, ಎಂಜಿನ್ ಚೇಂಜ್ ಮಾಡು. ನಾನೂ ಒಂದು ವಾರ ಆ ಕನಸಲ್ಲೇ ಇದ್ದೆ. ಸುಮ್ನೆ ಅಲ್ಲ. ಎಸ್ಟೀಮ್‌ನ 1298 ಸಿಸಿ, 16 ವಾಲ್ವ್ ಎಂಜಿನ್ 85 ಹಾರ್ಸ್‌ಪವರ್ ಕೊಡುತ್ತದೆ. ಇಷ್ಟು ಹಗುರದ ಗಾಡಿಗೆ ಅದು ಜಾಸ್ತಿಯೇ. ಮಾರುತಿ ಕೈಯಾಡಿಸಿದ ಮೆಕ್ಯಾನಿಕ್ ಓಣಿಗೊಬ್ಬ ಸಿಗುತ್ತಾನೆ.

ಆದರೆ ಎಂಜಿನ್ ಒಂದೇ ಬರೋದಿಲ್ಲ, ಸಂಸಾರ ಕಟ್ಟಿಕೊಂಡು ಬರುತ್ತದೆ. ಅದರ ಹಿಂದೆ ಅದರದ್ದೇ ಗೇರ್‌ಬಾಕ್ಸ್. ಆ ಗೇರ್‌ಬಾಕ್ಸಿಗೆ ಸ್ಟಾರ್ಮ್‌ನ ಡ್ರೈವ್ ಶಾಫ್ಟ್, ಅಂದರೆ ಚಕ್ರ ತಿರುಗಿಸೋ ರಾಡು, ಕೂರೋದಿಲ್ಲ. ಒಂದು ತುದಿ ಎಸ್ಟೀಮಿನದು, ಇನ್ನೊಂದು ತುದಿ ಸ್ಟಾರ್ಮ್‌ನದು ಸೇರಿಸಿ ಹೊಸ ಶಾಫ್ಟ್ ಮಾಡಿಸಬೇಕು. ಎಂಜಿನ್ ಕೂರಿಸೋ ಮೌಂಟಿಂಗ್‌ಗೆ ವೆಲ್ಡಿಂಗ್ ಬೇರೆ. ವೈರಿಂಗ್, ಎಂಜಿನ್ ನಡೆಸೋ ಕಂಪ್ಯೂಟರ್ (ಇಸಿಯು), ಸೈಲೆನ್ಸರ್ ಪೈಪ್... ಬ್ರೇಕ್ ಮಾತ್ರ ಹಳೆಯದೇ! ಹೆಚ್ಚಿನ ಪವರ್ ಹಾಕಿ ಬ್ರೇಕ್ ಮರೆತ ಗಾಡಿಗಳನ್ನು ನೋಡಿದ್ದೀನಿ, ಅವುಗಳಲ್ಲಿ ಕೂರಲ್ಲ.

ಇನ್ನು ಆರ್‌ಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂಥ ಮಾರ್ಪಾಡು ಸಲ್ಲದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. "ಯಾರು ನೋಡ್ತಾರ ಬಿಡ್ರಿ" ಅನ್ನೋರಿಗೆ ಒಂದು ಮಾತು. ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸಿನವರು ನೋಡ್ತಾರೆ.

ಕೊನೆಗೆ ಗೋಕುಲ ರಸ್ತೆ ಕಡೆಯ ಒಬ್ಬ ಹಳೇ ಮಿಸ್ತ್ರಿ ಹತ್ತಿರ ಹೋದೆ. ಕಾಕಾ ಅಂತೀನಿ ಅವರಿಗೆ. ಎಸ್ಟೀಮ್ ಹಾಕೋಣ ಕಾಕಾ ಅಂದೆ. "ಮೊದಲ ಬಿಚ್ಚೋಣ ತಮ್ಮಾ, ಸತ್ತೈತೋ ಇಲ್ಲೋ ನೋಡದ ಹೂಳ್ತಾರೇನು?" ಅಂದರು.

ಎಂಜಿನ್ನಿನ ಮೇಲಿನ ಮುಚ್ಚಳದಂಥ ಭಾಗ, ಹೆಡ್, ಇಳಿಸಿದರು. ಎರಡು ಮತ್ತು ಮೂರನೇ ಸಿಲಿಂಡರ್ ನಡುವೆ, ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ಮಧ್ಯೆ ಕೂರುವ ಗ್ಯಾಸ್ಕೆಟ್ ಹಾಳೆ ಕರ್‍ರಗೆ ಸುಟ್ಟು ಒಂದು ದಾರಿಯೇ ಆಗಿತ್ತು. ಹೆಡ್ಡನ್ನು ಒರೆಸಿ, ಅದರ ಮೇಲೆ ಸ್ಟೀಲ್ ಪಟ್ಟಿ ಅಡ್ಡಡ್ಡ, ಉದ್ದುದ್ದ, ಮೂಲೆಯಿಂದ ಮೂಲೆಗೆ ಇಟ್ಟರು. ಅಡಿಯಲ್ಲಿ, ಸಂದು ಅಳೆಯೋ ಫೀಲರ್ ಗೇಜಿನ 0.05 ಮಿಲಿಮೀಟರ್ ಎಲೆ ತೂರಿಸಿ ನೋಡಿದರು. ಎಲ್ಲೂ ಹೋಗಲಿಲ್ಲ. ನಾನು ಉಸಿರು ಬಿಟ್ಟೆ. ಹೆಡ್ ಸೊಟ್ಟ ಆಗಿಲ್ಲ. ಸಿಲಿಂಡರಿನ ಒಳಗೋಡೆಯಲ್ಲೂ ಗೀರಿಲ್ಲ.

ಹಾಗಾದರೆ ಬಿಸಿ ಆಗಿದ್ದು ಯಾಕೆ? ರೇಡಿಯೇಟರ್ ಫ್ಯಾನಿಗೆ ಕರೆಂಟ್ ಕೊಡೋ ಸ್ವಿಚ್, ರಿಲೇ, ಸತ್ತಿತ್ತು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣ ಡಬ್ಬಿ. ಎಸ್ಟೀಮ್ ಎಂಜಿನ್ ಇಳಿಸಿ ಅದೇ ರಿಲೇ ಬಿಟ್ಟಿದ್ದರೆ, ಅದೇ ಲಾರಿ ಹಿಂದೆ ಅದೂ ಕುದಿಯುತ್ತಿತ್ತು, ಅಲ್ವಾ?

ಎಂಜಿನ್ ಬದಲಿಸಲೇಬಾರದು ಅಂತಿಲ್ಲ ನಾನು. ಬ್ಲಾಕ್ ಸೀಳಿದ್ದರೆ ಬೇರೆ ಎಂಜಿನ್ ಹುಡುಕಲೇಬೇಕು. ಆಗಲೂ ನಾನು ಹುಡುಕೋದು ಇದೇ ರೆನೋ ಎಂಜಿನ್ನು. ಇದರ ಹೆಸರು ಡಿ7ಎಫ್. ಯುರೋಪಿನಲ್ಲಿ ಟ್ವಿಂಗೋ, ಕ್ಲಿಯೋ ಕಾರುಗಳಿಗೆ ಹಾಕುತ್ತಿದ್ದದ್ದು ಇದನ್ನೇ. ಸ್ಟಾರ್ಮ್ ಬಾಗಿಲಿನ ಹ್ಯಾಂಡಲ್ ಮುರಿದರೆ ನಾನು ಅನಾಥ. ಗ್ಯಾಸ್ಕೆಟ್ ಮಾತ್ರ ಯುರೋಪಿನ ಅಂಗಡಿಗಳಲ್ಲಿ ಇನ್ನೂ ಸಿಗುತ್ತದೆ.

ಆರ್ಡರ್ ಹಾಕಿ ಮೂರು ವಾರ ಆಯಿತು. ಹೆಡ್ ಕಾಕಾನ ಬೆಂಚಿನ ಮೇಲೆ ಹಳೇ ಪಂಚೆ ಹೊದ್ದು ಮಲಗಿದೆ. ಚಹಾ ಹುಡುಗ ದಿನಾ ಬಂದು ಪಂಚೆ ಎತ್ತಿ ನೋಡುತ್ತಾನೆ. "ಅಣ್ಣಾ, ಅಷ್ಟರಾಗ ಎಸ್ಟೀಮ್ ಓಡಸ್ತಿದ್ರಿ" ಅಂತಾನೆ.