ಗುಂಡು ಗಟ್ಟಿಯಾಗಿದ್ದರೆ ಸಾಲದು, ನಳಿಗೆಗೆ ಕೂರಬೇಕು

ಕೇಳುಗರೆಲ್ಲರಿಗೂ ನಮಸ್ಕಾರ. ಕನ್ನಡ ಬಾನುಲಿಯಲ್ಲಿ ಸೀಸದ ಗುಂಡಿನ ಮಾತಾ ಅಂತ ನಗಬೇಡಿ. ಅಮೆರಿಕದಲ್ಲಿ ಇರುವ ನಮ್ಮವರಲ್ಲಿ ಹಳೆ ಕೋವಿಯ ಹುಚ್ಚು ಹಿಡಿಸಿಕೊಂಡವರು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ. ವಾರಾಂತ್ಯಕ್ಕೆ ರೇಂಜಿಗೆ ಹೋಗುತ್ತಾರೆ, ಗ್ಯಾರೇಜಿನಲ್ಲಿ ಸೀಸ ಕರಗಿಸಿ ಗುಂಡು ಎರೆಯುತ್ತಾರೆ. ಲೋಹಶಾಸ್ತ್ರ ಓದಿದವನು ಅಂತ ಗೊತ್ತಾದ ತಕ್ಷಣ ಎಲ್ಲರೂ ನನಗೆ ಕೇಳುವುದು ಒಂದೇ ಪ್ರಶ್ನೆ. "ಎಷ್ಟು ಗಟ್ಟಿ ಲೋಹ ಹಾಕಬೇಕು?"

ನಾನು ತಿರುಗಿಸಿ ಕೇಳುತ್ತೇನೆ: ನಿಮ್ಮ ನಳಿಗೆ ಅಳೆದಿದ್ದೀರಾ? ಆಗ ಎಲ್ಲರೂ ಗಪ್ ಚಿಪ್.

ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಮೊದಲು ಅಳತೆ, ಆಮೇಲೆ ಗಡಸು. ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ.

ಹಳೆ ಕಾಲದ ಕರಿಮದ್ದು ಹೊತ್ತಿಕೊಂಡಾಗ ಗುಂಡಿನ ಬುಡಕ್ಕೆ ಪಟ್ಟನೆ ಒದೆಯುತ್ತಿತ್ತು. ಮೆದು ಸೀಸದ ಗುಂಡು ಆ ಒದೆತಕ್ಕೆ ಉಬ್ಬಿ, ಗುಂಡನ್ನು ತಿರುಗಿಸುವ ನಳಿಗೆಯ ಸುರುಳಿ ಗೀರುಗಳನ್ನು ತುಂಬಿಕೊಳ್ಳುತ್ತಿತ್ತು. ಗುಂಡು ಕೊಂಚ ಸಣ್ಣದಿದ್ದರೂ ನಡೆಯುತ್ತಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆಯಿಲ್ಲದ ಮದ್ದು ಕಂಡುಹಿಡಿದ. ಗುಂಡಿನ ವೇಗ ಏರಿತು, ಬರೀ ಸೀಸ ತಡೆಯಲಿಲ್ಲ, ಸೈನ್ಯದವರು ಗುಂಡಿಗೆ ಲೋಹದ ಕವಚ ತೊಡಿಸಿದರು. ಸೀಸ ಎರೆಯುವ ನಮ್ಮಂಥವರ ತಲೆಗೆ ಮಾತ್ರ ಅಂದಿನಿಂದ ಒಂದು ತಪ್ಪು ಲೆಕ್ಕ ಹೊಕ್ಕಿದೆ. ಹೊಸ ಮದ್ದು ಅಂದರೆ ಗಟ್ಟಿ ಲೋಹ, ಗಟ್ಟಿ ಇದ್ದಷ್ಟೂ ಒಳ್ಳೆಯದು ಅಂತ.

ನನ್ನ ಗೆಳೆಯರೊಬ್ಬರ ಕತೆ ಕೇಳಿ. ಕೊಡಗಿನವರು. ಮನೆಯಲ್ಲಿ ಕೋವಿ ಇಟ್ಟು, ಕೈಲ್‌ಪೊಳ್ದಿಗೆ ಹೂ ಮುಡಿಸಿ ಪೂಜೆ ಮಾಡುವ ಕುಟುಂಬ. ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ವಿಂಚೆಸ್ಟರ್ 1894 ಅನ್ನುವ ಒಂದು ಹಳೆ ಕೋವಿ ಕೊಂಡರು. ಅದರ ತೋಟಾದ ಹೆಸರು .38-55, ಕರಿಮದ್ದಿನ ಕಾಲದ್ದು. ಅದಕ್ಕೆ ಅವರು ಹುಡುಕಿ ತಂದ ಲೋಹ ಯಾವುದು ಗೊತ್ತಾ? ಮುಚ್ಚಿಹೋಗುತ್ತಿದ್ದ ಮುದ್ರಣಾಲಯದ ಲೈನೋಟೈಪ್, ಅಂದರೆ ಅಕ್ಷರದ ಸಾಲು ಎರೆಯುವ ಲೋಹ. ನೂರಕ್ಕೆ 84 ಪಾಲು ಸೀಸ, 12 ಆಂಟಿಮನಿ, 4 ತವರ. ನಮ್ಮೂರ ಅಚ್ಚುಮೊಳೆಯ ಜಾತಿಯದೇ ಲೋಹ. ಬ್ರಿನೆಲ್ ಅಳತೆಯಲ್ಲಿ ಗಡಸು ಸುಮಾರು 22. ಶುದ್ಧ ಸೀಸ ಬರೀ 5. ಉಗುರಿನಿಂದ ಗೀರಿದರೂ ಗುರುತು ಬೀಳುವುದಿಲ್ಲ ಅಂತ ಹೆಮ್ಮೆಯಿಂದ ತೋರಿಸಿದರು. ಎರೆದ ಗುಂಡುಗಳೂ ಕನ್ನಡಿಯಂತೆ ಹೊಳೆಯುತ್ತಿದ್ದವು, ಸುಳ್ಳು ಹೇಳಬಾರದು.

ರೇಂಜಿನಲ್ಲಿ ಮೊದಲ ಕೆಲವು ಗುಂಡು ಕಾಗದದ ಮೇಲೆ ಬಿದ್ದವು. ಆಮೇಲೆ ಚೆಲ್ಲಾಪಿಲ್ಲಿ. ಸ್ವಲ್ಪ ಹೊತ್ತಿಗೆ ಕಾಗದದಲ್ಲಿ ದುಂಡು ತೂತಿನ ಬದಲು ಉದ್ದನೆಯ ಸೀಳು. ಅಂದರೆ ಗುಂಡು ಅಡ್ಡಡ್ಡ ಹಾರುತ್ತಿದೆ. ಮನೆಗೆ ಬಂದು ನಳಿಗೆಗೆ ಬೆಳಕು ಬಿಟ್ಟು ನೋಡಿದರೆ ತೋಟಾ ಕೂರುವ ಜಾಗದ ಮುಂದೆಯೇ ಬೆಳ್ಳಗೆ ಸೀಸ ಮೆತ್ತಿಕೊಂಡಿತ್ತು. ಬ್ರಷ್ಷಿಗೆ ತಾಮ್ರದ ನಾರು ಸುತ್ತಿ ಉಜ್ಜಿದರೆ ಬೆಳ್ಳಿ ರೇಕಿನಂತೆ ಚೂರು ಚೂರಾಗಿ ಉದುರಿತು. ಅವರು ಕೇಳಿದ್ದೇನು? "ಅಣ್ಣಾ, ಇದಕ್ಕಿಂತ ಗಟ್ಟಿ ಲೋಹ ಎಲ್ಲಿ ಸಿಗುತ್ತೆ?"

ನಾನು ಒಂದು ಮಾತೂ ಆಡದೆ ಮೀನು ಗಾಳಕ್ಕೆ ಕಟ್ಟುವ ಮೆದು ಸೀಸದ ಗುಂಡೊಂದು ತರಿಸಿದೆ. ಕೋವಿ ಖಾಲಿ ಇದೆಯಾ ಅಂತ ಮೊದಲು ನೋಡಿದೆವು. ಸೀಸಕ್ಕೆ ಎಣ್ಣೆ ಸವರಿ, ನಳಿಗೆಯ ತುದಿಯಲ್ಲಿಟ್ಟು ಮರದ ಸುತ್ತಿಗೆಯಿಂದ ತಟ್ಟಿದೆವು. ಸುತ್ತಲೂ ಬಳೆಯಂತೆ ಸೀಸ ಕತ್ತರಿಸಿ ಬಂತು. ಹಿತ್ತಾಳೆ ಕಡ್ಡಿಯಿಂದ ನಿಧಾನಕ್ಕೆ ತಳ್ಳಿ ಆ ಕಡೆ ಬೀಳಿಸಿದೆವು. ಅದರ ಮೈಮೇಲೆ ನಳಿಗೆಯ ಗೀರು ಅಷ್ಟೂ ಅಚ್ಚೊತ್ತಿತ್ತು. ಮೈಕ್ರೋಮೀಟರ್ ಹಿಡಿದರೆ 0.379 ಇಂಚು. ಅವರು ಎರೆದಿದ್ದ ಗುಂಡು 0.376. ಮೂರು ಸಾವಿರಾಂಶ ಕಡಿಮೆ! ಒಂದು ತಲೆಗೂದಲಿನ ದಪ್ಪ ಅಂತಿಟ್ಟುಕೊಳ್ಳಿ. ಆ ಸಂದಿಯಲ್ಲಿ ಸುಡುಗ್ಯಾಸು ನುಗ್ಗುತ್ತದೆ, ಗುಂಡಿನ ಅಂಚನ್ನು ಕೊರೆಯುತ್ತದೆ, ಕೊರೆದ ಸೀಸವನ್ನು ನಳಿಗೆಗೆ ಬಳಿಯುತ್ತದೆ. ಹಳೆ .38-55 ನಳಿಗೆಗಳು ಹೀಗೆ ದೊಡ್ಡದಿರುವುದು ಹೊಸದೇನಲ್ಲ.

ಗುಂಡು ಮೆದುವಾಗಿದ್ದಿದ್ದರೆ ಉಬ್ಬಿಯಾದರೂ ಸಂದಿ ಮುಚ್ಚುತ್ತಿತ್ತು. ಬ್ರಿನೆಲ್ ಅಂಕಿಯನ್ನು 1422ರಿಂದ ಗುಣಿಸಿ ನೋಡುವ ರೂಢಿ ಒಂದಿದೆ. 22 ಗಡಸಿನ ಲೋಹ ಮಣಿಯಬೇಕಾದರೆ ಚದರ ಇಂಚಿಗೆ 31,000 ಪೌಂಡಿಗೂ ಮೀರಿದ ಒತ್ತಡ ಬೇಕು. ಆ ಮುದುಕ ಕೋವಿಗೆ ಅಷ್ಟು ಕೊಡುವ ಮಾತೇ ಇಲ್ಲ. ಅಂದರೆ ಗುಂಡು ಸಣ್ಣದೂ ಹೌದು, ಉಬ್ಬುವುದೂ ಇಲ್ಲ. ಇನ್ನೂ ಗಟ್ಟಿ ಮಾಡಿ ಏನು ಬಂತು?

ಆಮೇಲೆ 0.380 ಎರೆಯುವ ಅಚ್ಚು ತರಿಸಿದರು. ಒಂದು ಪಾಲು ಲೈನೋಟೈಪಿಗೆ ನಾಲ್ಕು ಪಾಲು ಶುದ್ಧ ಸೀಸ ಬೆರೆಸಿದೆವು. ಮುದ್ರಣಾಲಯದ ಲೋಹವೂ ಹಾಳಾಗಲಿಲ್ಲ. ಅದೇ ಕೋವಿ, ಅದೇ ಮದ್ದು. ನೂರು ಗಜದಲ್ಲಿ ಗುಂಡುಗಳು ಅಂಗೈಯಗಲ ಜಾಗದಲ್ಲಿ ಕೂತವು, ನಳಿಗೆ ಸ್ವಚ್ಛ. ಅಳತೆ ಮೊದಲು ಅಂದೆನಲ್ಲಾ!

ನಾನು ಕತೆಗೇ ಸಮಯ ಮುಗಿಸಿಬಿಟ್ಟೆ ಅಂತ ಗಾಜಿನ ಆಚೆಯಿಂದ ಸನ್ನೆ ಬರುತ್ತಿದೆ. ಬೇಗ ಬೇಗ ಹೇಳುತ್ತೇನೆ, ಬರೆದುಕೊಳ್ಳಿ. ನಳಿಗೆಯ ಅಳತೆಗಿಂತ ಗುಂಡು ಒಂದೆರಡು ಸಾವಿರಾಂಶ ದಪ್ಪ ಇರಲಿ. ಸಾಧಾರಣ ವೇಗಕ್ಕೆ 20 ಪಾಲು ಸೀಸ, 1 ಪಾಲು ತವರ ಸಾಕು, ಗಡಸು 10ರ ಆಸುಪಾಸು. ಕೊಂಚ ಜಾಸ್ತಿ ವೇಗ ಬೇಕಾದರೆ ಲೈಮನ್ ನಂಬರ್ 2 ಅನ್ನುವ ಮಿಶ್ರಲೋಹ: 90 ಸೀಸ, 5 ತವರ, 5 ಆಂಟಿಮನಿ, ಗಡಸು 15. ಬುಡಕ್ಕೆ ಗ್ಯಾಸ್ ಚೆಕ್, ಅಂದರೆ ತಾಮ್ರದ ಪುಟ್ಟ ಬಟ್ಟಲು, ಹಾಕುವ ಅಚ್ಚಾದರೆ ಇನ್ನೂ ಒಳ್ಳೆಯದು. ತವರ ಇರುವುದು ಅಚ್ಚು ಚೆನ್ನಾಗಿ ತುಂಬಲಿಕ್ಕೆ, ಗಡಸು ಹೆಚ್ಚಾಗಿ ಬರುವುದು ಆಂಟಿಮನಿಯಿಂದ. ಕಾರಿನ ಚಕ್ರದ ಸಮತೋಲಕ್ಕೆ ಹಚ್ಚುವ ಸೀಸದ ತೂಕ ಕರಗಿಸುವವರು, ಅದರಲ್ಲಿ ಬೆರೆತಿರುವ ಸತುವಿನ ತುಂಡು ಆರಿಸಿ ತೆಗೆಯಿರಿ. ಅದು ಸೇರಿದರೆ ಇಡೀ ಪಾತ್ರೆ ಕೆಟ್ಟಿತು. ಮದ್ದಿನ ಪ್ರಮಾಣ ಎರಕದ ಗುಂಡಿಗೆ ಅಂತಲೇ ಕೈಪಿಡಿಯಲ್ಲಿ ಕೊಟ್ಟದ್ದನ್ನೇ ಹಿಡಿಯಿರಿ, ಗೆಳೆಯರ ಬಾಯಿಮಾತು ಬೇಡ.

ಕ್ಯಾಲಿಫೋರ್ನಿಯಾದವರೇ, 2019ರ ಜುಲೈಯಿಂದ ನಿಮ್ಮಲ್ಲಿ ಬೇಟೆಗೆ ಸೀಸದ ಗುಂಡು ನಿಷೇಧ. ಊರಿನಲ್ಲಿ ಕೇಳುತ್ತಿರುವವರೇ, ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ, ಸುಮ್ನೆ ಕೈ ಹಾಕಬೇಡಿ.

ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಸಿಡಿದು ಮುಖಕ್ಕೆ ಬರುತ್ತದೆ. ಕನ್ನಡಕ ಹಾಕಿ, ಗ್ಯಾರೇಜಿನ ಬಾಗಿಲು ತೆರೆದಿಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಕೈ ತೊಳೆಯದೆ ಕಾಫಿ ಲೋಟ ಮುಟ್ಟಬೇಡಿ. ಮೈಕ್ರೋಮೀಟರ್ ಇಲ್ಲದವರು ಅಚ್ಚು ಕೊಳ್ಳುವ ಮೊದಲು ಅದನ್ನು ಕೊಳ್ಳಿ. ನಮಸ್ಕಾರ.