ರಾಜಾಜಿನಗರದ ಗೇಟಿನಲ್ಲಿ ನಿಂತ ರೈತ

ನಮಸ್ಕಾರ. ಬೆಂಗಳೂರಿನ ರಾಜಾಜಿನಗರ ಮೆಟ್ರೋ ಸ್ಟೇಷನ್ ಅಂದ್ರೆ ಇವತ್ತಿಗೂ ನನ್ನ ಕಣ್ಣಮುಂದೆ ಬರೋದು 2024ರ ಫೆಬ್ರವರಿಯ ಆ ವಿಡಿಯೋ. ಒಬ್ಬ ರೈತರು, ತಲೆ ಮೇಲೆ ಬಟ್ಟೆ ಗಂಟು. ಟಿಕೆಟ್ ತಗೊಂಡಿದ್ದಾರೆ. ಆದ್ರೂ ತಪಾಸಣೆ ಜಾಗದಲ್ಲಿ ತಡೆದು ನಿಲ್ಲಿಸಿದ್ದಾರೆ. ಯಾಕೆ? ಬಟ್ಟೆ ಕೊಳೆಯಾಗಿದೆ ಅಂತ.

ಅಲ್ಲಿದ್ದ ಪ್ರಯಾಣಿಕರು ಸುಮ್ನೆ ಹೋಗ್ಲಿಲ್ಲ. ಆ ರೈತರಿಗೆ ನೆಂಟರಲ್ಲ, ಪರಿಚಯದವರೂ ಅಲ್ಲ. ಹೀಗೆ ತಡೆಯೋಕೆ ಯಾವ ನಿಯಮ ಇದೆ ಅಂತ ಪಟ್ಟು ಹಿಡಿದು ಕೇಳಿದ್ರು. ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ. ಆಮೇಲೆ ವಿಡಿಯೋ ಊರೆಲ್ಲಾ ಹರಿದಾಡ್ತು, ಮೆಟ್ರೋ ನಿಗಮ ಆ ಭದ್ರತಾ ಮೇಲ್ವಿಚಾರಕರನ್ನ ಕೆಲಸದಿಂದ ತೆಗೀತು.

ಒಬ್ಬರನ್ನ ತೆಗೆದ ಮಾತ್ರಕ್ಕೆ ವಿಷಯ ಮುಗೀತು ಅಂತ ನನಗೆ ಅನ್ಸಲ್ಲ. ನಾಳೆ ಅದೇ ಜಾಗಕ್ಕೆ ಇನ್ನೊಬ್ಬರು ಬಂದು ನಿಲ್ತಾರೆ. ಯಾರನ್ನ ಬಿಡಬೇಕು, ಯಾರನ್ನ ತಡೀಬೇಕು ಅಂತ ಅವರಿಗೆ ಹೇಳಿಕೊಡೋರು ಯಾರು? ಗಂಟಿನಲ್ಲಿ ಏನಿದೆ ಅಂತ ನೋಡಿ, ಅಪಾಯದ ವಸ್ತು ಇದ್ರೆ ಖಂಡಿತ ತಡೀರಿ. ಉಟ್ಟ ಬಟ್ಟೆ ನೋಡಿ ಮನುಷ್ಯರನ್ನ ಅಳೆಯೋದು ಭದ್ರತೆ ಅಲ್ಲ.

ಅದೂ ನಡೆದಿದ್ದು ಎಲ್ಲಿ ನೋಡಿ! ರಾಜಾಜಿನಗರ ಬೆಳೆದಿದ್ದೇ ಕೈಗಾರಿಕಾ ಬಡಾವಣೆಯಾಗಿ. ಇಂಡಸ್ಟ್ರಿಯಲ್ ಟೌನ್ ಅಂತ ಒಂದು ಏರಿಯಾನೇ ಇದೆ, ಕಾರ್ಮಿಕರಿಗೆ ಅಂತ ಇಎಸ್‌ಐ ಆಸ್ಪತ್ರೆ ಇದೆ. ಮೈಗೆ ಎಣ್ಣೆ, ಮಸಿ ಮೆತ್ತಿಕೊಂಡು ದುಡಿದವರು ಕಟ್ಟಿದ ಬಡಾವಣೆ ಇದು. 2014ರ ಮಾರ್ಚ್‌ನಲ್ಲಿ ಈ ಸ್ಟೇಷನ್ ಇರೋ ಮೆಟ್ರೋ ಹಸಿರು ಮಾರ್ಗ ಶುರುವಾದಾಗ ಓಡಿದ್ದೂ ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿಗೆ. ಈಗ ಅದೇ ಮಾರ್ಗದಲ್ಲಿ ಒಂದು ಕಡೆ ಕೆ.ಆರ್. ಮಾರ್ಕೆಟ್, ಚಿಕ್ಕಪೇಟೆ. ಇನ್ನೊಂದು ಕಡೆ ಯಶವಂತಪುರ, ಅಲ್ಲಿ ಎಪಿಎಂಸಿ ಯಾರ್ಡ್. ಈ ದಾರೀಲಿ ಗಂಟು ಮೂಟೆ ಹೊತ್ತವರು ಬರದೆ ಇನ್ಯಾರು ಬರಬೇಕು?

2025ರ ಫೆಬ್ರವರಿಯಲ್ಲಿ ಮೆಟ್ರೋ ಟಿಕೆಟ್ಟಿನ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ದಿನಗೂಲಿಯವರಿಗೆ ಅದೂ ಒಂದು ಗೇಟೇ. ದರದ ವಿಷಯ ದೊಡ್ಡದು, ಅದಕ್ಕೇ ಒಂದು ಸಂಚಿಕೆ ಬೇಕು. ಇವತ್ತು ನಾನು ಕೇಳ್ತಿರೋದಕ್ಕೆ ಹೆಚ್ಚು ದುಡ್ಡೇನೂ ಬೇಡ. ಒಂದು ಬೋರ್ಡ್ ಹಾಕಿ: ‘ಬಟ್ಟೆ, ವೇಷ ನೋಡಿ ಯಾರನ್ನೂ ತಡೆಯುವಂತಿಲ್ಲ. ತಡೆದರೆ ಈ ನಂಬರಿಗೆ ಕರೆ ಮಾಡಿ.’ ಓದೋಕೆ ಬಾರದವರೂ ಬರ್ತಾರೆ, ಅದಕ್ಕೆ ಮೈಕಿನಲ್ಲೂ ಹೇಳಿ. ಮೊದಲು ರಾಜಾಜಿನಗರದಲ್ಲಿ, ಆ ರೈತರು ಗಂಟು ಹೊತ್ತು ನಿಂತಿದ್ದ ಜಾಗದಲ್ಲೇ ಹಾಕಿ.