ದೌಲತ್ ಬೇಗ್ ಓಲ್ಡಿಯ ಮಣ್ಣಿನ ರನ್‌ವೇ

ಕೇಳುಗರಿಗೆ ನಮಸ್ಕಾರ. ಬೆಳಗಾವಿಯವರಿಗೆ ಸಾಂಬ್ರಾ ಹೊಸದಲ್ಲ. 1942ರಲ್ಲಿ ಬ್ರಿಟಿಷ್ ವಾಯುಪಡೆ ಮಹಾಯುದ್ಧದ ಕೆಲಸಕ್ಕೆಂದು ಕಟ್ಟಿದ ವಿಮಾನ ನೆಲೆ ಅದು. ಇವತ್ತು ಅಲ್ಲಿ ವಾಯುಸೈನಿಕರ ತರಬೇತಿ ಶಾಲೆಯೂ ಇದೆ, ನಾವು ಟಿಕೆಟ್ ತೆಗೆಸಿ ಹತ್ತುವ ವಿಮಾನಗಳೂ ಇಳಿಯುತ್ತವೆ. ಸಮುದ್ರಮಟ್ಟದಿಂದ ಅದು ಸುಮಾರು 758 ಮೀಟರ್ ಎತ್ತರದಲ್ಲಿದೆ. ಈ ಸಾಂಬ್ರಾವನ್ನೇ ಅಳತೆಗೋಲು ಮಾಡಿಕೊಂಡು ಲಡಾಖಿನ ತುದಿಯ ದೌಲತ್ ಬೇಗ್ ಓಲ್ಡಿಯ ವಿಮಾನ ಪಟ್ಟಿಯನ್ನು ನೋಡೋಣ. ಅದರ ಎತ್ತರ 5,065 ಮೀಟರ್. ಚೀನಾ ಕಡೆಯ ವಾಸ್ತವ ನಿಯಂತ್ರಣ ರೇಖೆ ಅಲ್ಲಿಂದ ಕೆಲವೇ ಕಿಲೋಮೀಟರ್.

ಅಷ್ಟು ಮೇಲೆ ಗಾಳಿಯ ಸಾಂದ್ರತೆ ಸಾಂಬ್ರಾದ ಮೂರನೇ ಎರಡು ಪಾಲಿಗಿಂತ ತುಸು ಕಡಿಮೆ. ರೆಕ್ಕೆಗೆ ಬೇಕಾದ ಗಾಳಿಯ ಒತ್ತು ಸಿಗಬೇಕಾದರೆ ವಿಮಾನ ಹೆಚ್ಚು ಓಡಲೇಬೇಕು. ಇಲ್ಲಿ ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟುವ ವಿಮಾನ, ಅಷ್ಟೇ ತೂಕ ಹೊತ್ತು ಅಲ್ಲಿ ಹತ್ತಿರ ಹತ್ತಿರ 200ರಲ್ಲಿ ಮುಟ್ಟುತ್ತದೆ. ವೇಗ ಕಾಲುಪಾಲು ಏರಿದರೆ ಬ್ರೇಕು ತಡೆಯಬೇಕಾದ ಶಕ್ತಿ ಒಂದೂವರೆ ಪಟ್ಟಿಗೂ ಮಿಕ್ಕುತ್ತದೆ. ಬ್ರೇಕು, ಟೈರು ಎರಡೂ ಕಾಯುತ್ತವೆ. ಮೇಲೇರುವಾಗ ಇನ್ನೂ ಕಷ್ಟ. ಓಟ ಉದ್ದವಾಗಬೇಕು, ಆದರೆ ಎಂಜಿನ್ನಿಗೂ ಅದೇ ತೆಳು ಗಾಳಿ. ಉಳಿಯುವ ದಾರಿ ಹೊರೆ ಇಳಿಸುವುದು, ಇಂಧನವನ್ನು ಲೆಕ್ಕ ಹಾಕಿ ತುಂಬುವುದು, ಬೆಳಗಿನ ತಂಪಿನಲ್ಲೇ ಕೆಲಸ ಮುಗಿಸುವುದು. ಬಿಸಿಲೇರಿದರೆ ಗಾಳಿ ಇನ್ನಷ್ಟು ತೆಳುವಾಗುತ್ತದೆ, ಕಣಿವೆಯಲ್ಲಿ ಬೀಸೂ ಎದ್ದಿರುತ್ತದೆ. ಅಲ್ಲಿ ಎಂಜಿನ್ ಆರಿಸಿದರೆ ಮತ್ತೆ ಹಚ್ಚುವುದು ಸುಲಭವಲ್ಲ. ಅದಕ್ಕೇ ಎಂಜಿನ್ ಓಡುತ್ತಿರುವಾಗಲೇ ಸಾಮಾನು ಇಳಿಸುತ್ತಾರೆ.

1962ರಲ್ಲಿ ಈ ನೆಲಕ್ಕೆ ಬಂದಿಳಿದದ್ದು ಸಿ-119 ಪ್ಯಾಕೆಟ್ ವಿಮಾನ. ಗಡಿ ಠಾಣೆಗಳಿಗೆ ಸಾಮಾನು ಮುಟ್ಟಿಸುವುದೇ ಆಗಿನ ಕೆಲಸ. ಎತ್ತರದ ನೆಲೆಗಳಲ್ಲಿ ಎರಡು ಎಂಜಿನ್ ಸಾಲದೆಂದು ಪ್ಯಾಕೆಟ್‌ಗಳ ಬೆನ್ನ ಮೇಲೆ ಎಚ್‌ಎಎಲ್ ತಯಾರಿಸಿದ ಆರ್ಫಿಯಸ್ ಜೆಟ್ ಎಂಜಿನ್ ಕೂರಿಸಿದರು. ನಮ್ಮವರ ಈ ಜಾಣ ಕೆಲಸಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ ಎಂದೇ ನನ್ನ ಭಾವನೆ.

ಅರವತ್ತರ ದಶಕದ ನಡುವೆ ಭೂಕಂಪದಿಂದ ಮೇಲ್ಮಣ್ಣು ಸಡಿಲಾಯಿತು. ಸಡಿಲ ಮಣ್ಣಿನಲ್ಲಿ ಚಕ್ರ ಹೂಳುತ್ತದೆ, ಓಟ ಕುಂಟುತ್ತದೆ, ಎದ್ದ ಕಲ್ಲು ಪ್ರೊಪೆಲ್ಲರಿಗೆ ಬಡಿಯುತ್ತದೆ. ನಾಲ್ಕು ದಶಕಕ್ಕೂ ಹೆಚ್ಚು ಕಾಲ ರೆಕ್ಕೆಯ ವಿಮಾನ, ಅಂದರೆ ಹೆಲಿಕಾಪ್ಟರ್ ಅಲ್ಲದ್ದು, ಅಲ್ಲಿ ಇಳಿಯಲಿಲ್ಲ. 2008ರ ಮೇ 31ರಂದು ಎಎನ್-32 ಸಾಗಣೆ ವಿಮಾನ ಇಳಿಯಿತು. ಅದರ ಎಂಜಿನ್ನುಗಳು ರೆಕ್ಕೆಯ ಮೇಲ್ಬದಿಗೆ ಇರುವುದರಿಂದ ಪ್ರೊಪೆಲ್ಲರು ಗರಸಿನಿಂದ ದೂರ ಉಳಿಯುತ್ತದೆ. 2013ರ ಆಗಸ್ಟ್ 20ರಂದು ಅದಕ್ಕಿಂತ ದೊಡ್ಡದಾದ, ನಾಲ್ಕು ಎಂಜಿನ್ನಿನ ಸಿ-130ಜೆ ಬಂತು.

ಆಮೇಲೆ ದರ್ಬುಕ್‌ನಿಂದ ಶ್ಯೋಕ್ ಮೂಲಕ ಸುಮಾರು 255 ಕಿಲೋಮೀಟರ್ ರಸ್ತೆ ಅಲ್ಲಿಗೆ ಮುಟ್ಟಿತು. ಭಾರದ ಸಾಮಾನು ಲಾರಿಯಲ್ಲಿ ಹೋಗಬಹುದು. ಆದರೆ ಹಿಮ ಬಿದ್ದು ದಾರಿ ಕಟ್ಟಿದಾಗ, ಜವಾನನೊಬ್ಬನನ್ನು ತುರ್ತಾಗಿ ಆಸ್ಪತ್ರೆಗೆ ಇಳಿಸಬೇಕಾದಾಗ, ಮೊದಲು ನೋಡುವುದು ಆ ಮಣ್ಣಿನ ಪಟ್ಟಿ ಎಷ್ಟು ಗಟ್ಟಿಯಿದೆ ಎಂಬುದನ್ನೇ.